ಬೆನ್ನ ಮಗ್ಗಲು

ಸೊಲ್ಲಾಪುರ, ಅಕ್ಕಲಕೋಟ ರಸ್ತೆಯ ಗುಜರಿ.
ಒಂದೇ ತಕ್ಕಡಿಯಾಗ ಎರಡೂ ಕೂತಿದ್ದುವು:
ಮಗ್ಗದ ಜಕಾರ್ಡಿನ ತೂತುರಟ್ಟು, ಹನ್ನೊಂದು ಕಿಲೊ;
ಮಕಬೂಲ್ ಬಾಗವಾನನ ಗೇಮಿನ ಡಬ್ಬಿಯ ಬೋರ್ಡು, ಒಂದೂಕಾಲು.
ರಟ್ಟು ಬಿಟ್ಟು ಬರಲಿಲ್ಲ ಸಾತವ್ವ ಚಿಗವ್ವ.
ಬೋರ್ಡು ಬಿಟ್ಟು ನಾ.

ಆ ಆಟಕ್ಕ ಹೆಸರಿರಲಿಲ್ಲ. ಡಬ್ಬಿಯ ಹಣಿಮ್ಯಾಲೆ
ಬ್ಯಾರೆ ಯಾವುದೋ ಆಟದ ಚಿತ್ರ ಇತ್ತು.
ನಾವು ಕೋತಿ ವಿಮಾನ ಅಂತಿದ್ದಿವಿ. ಎಂಟಾಣೆಗೆ ಮೂರು ಜೀವ.
ಏಳನೇ ಊರು ದಾಟಿದವರು ವಿಜಾಪುರ ವೇಸಿನಾಗ ಯಾರೂ ಇಲ್ಲ,
ಏಳಕ್ಕ ಬರೂದು, ಲೈಟು ಹೋಗೂದು.

ನಾಕು ಚಿಪ್ಪು. ನೆತ್ತಿಮ್ಯಾಲೆ ಒಂದೊಂದು ಗಾಜಿನ ಕಿಂಡಿ,
ಕಿಂಡಿಗೆ ಕರಿ ಪಟ್ಟಿ. ಬಿಸಿಲು ಹೊಕ್ಕರ
ಒಳಗ ಬರೆದದ್ದೆಲ್ಲಾ ಮಾಸಿ ಹೋಗ್ತದ.
ಅದಕ್ಕ ಕಿಟಕಿ ಮುಚ್ಚಿ, ಚಾದರ ಇಳಿಬಿಟ್ಟು,
ಬೆಸುಗೆ ಬಿಡಿಸಿ, ಒಂದೊಂದರ ಇಪ್ಪತ್ತೆಂಟು ಕಾಲಿನ ಜಂಗು ತಿಕ್ಕಿ
ರೀಡರಿಗೆ ಕೂಡಿಸಿದೆ.
ಮೂರು ಮಾತಾಡಿದುವು.
ನಾಕನೇದರ ಪಟ್ಟಿ ಎಂದೋ ಉದುರಿತ್ತು. ಅದು ಬರೇ
ಎಫ್ ಎಫ್ ಎಫ್ ಎಫ್ ಅಂತು,
ಹಲ್ಲಿಲ್ಲದ ಮುದುಕ ಬಸಿಯಾಗಿನ ಚಾ ಊದಿದಂಗ.

ಪರದೆಮ್ಯಾಲೆ ಬಂದದ್ದು ಚಿತ್ರ ಅಲ್ಲ.
ಜೋಳ ಹರವಿದ ಅಂಗಳ, ಗುಬ್ಬಿ ಕೆದರಿದ್ದು.
ಅಗಲ ಎಂಟು ಇಟ್ಟೆ, ಹದಿನಾರು ಇಟ್ಟೆ,
ಬಲದ್ದು ಎಡಕ್ಕ, ಮುಂದಿನದು ಹಿಂದಕ್ಕ.
ಮೂರು ರಾತ್ರಿ.

ಚಿಗವ್ವ ಚಾ ತಂದಳು. ನಲವತ್ತು ವರ್ಷ
ಗ್ರಾಫಿನ ಮನಿ ಎಣಿಸಿ ರಟ್ಟಿಗೆ ತೂತು ಹೊಡದ ಹೆಬ್ಬೆರಳು
ಪರದೆಗೆ ಊರಿ ಅಂದಳು:
"ಮೂರು ರಟ್ಟು ಒಂದರ ಹಿಂದೊಂದು ಹೊಲದೀಯಲ್ಲೋ.
ಹಂಗಲ್ಲ. ಒಂದರ ಮ್ಯಾಲೊಂದು ಇಡು, ತೂತಿಗೆ ತೂತು ಕೂಡಲಿ.
ಮತ್ತ ಇದು ಬೆನ್ನ ಮಗ್ಗಲು. ಚಾದರ ತಿರುವಿ ಹಾಕು.
ನೆಲ ಹೂವಾಗೇದ, ಹೂವು ನೆಲ ಆಗೇದ."

ಇಟ್ಟೆ. ತಿರುವಿದೆ. ಸೊನ್ನಿ ಒಂದಾತು, ಒಂದು ಸೊನ್ನಿ.
ಮೊದಲು ಬಂದುವು ಅಂಕಿ. ಆಮ್ಯಾಗ ಒಂದು ಬಾಲ.
ಬಾಲದ ಆ ಕಡಿ ಕೋತಿ, ರೆಕ್ಕಿಮ್ಯಾಲೆ ಕುಂತದ್ದು,
ಎಂಟೆಂಟು ಮನಿಯ ನಾಕು ತುಂಡಾಗಿ.
ಮಕಬೂಲನ ಅಂಗಡಿ ಗಾಜಿಗೆ ಮತ್ತ ಮೂಗು ಹಚ್ಚಿದಂಗಾತು,
ಉಸಿರಿನ ಹಬೆ ಸಹಿತ.

ಬಣ್ಣ ಮಾತ್ರ ಇಲ್ಲ. ಇಲ್ಲಿ ಇರೂದು ಬರೇ ನಂಬರ:
ಇದು ಐದು, ಇದು ಎರಡು. ಐದಂದ್ರ ಕೆಂಪೋ ಹಸರೋ
ಹೇಳೋ ಚಿಪ್ಪು ಬ್ಯಾರೆ, ಅದನ್ನ ಯಾರೋ ಕಿತಗೊಂಡು ಹೋಗ್ಯಾರ.
ಹಣ್ಣಿನ ಗಾಡಿಗೆ ಹೋಗಿ ಮಕಬೂಲನ್ನ ಕೇಳಿದೆ:
ಕೋತಿ ಯಾವ ಬಣ್ಣದ್ದು ಚಾಚಾ?
"ನಾ ಎಂದ ನೋಡೀನಿ ಆಟ? ನಿಮ್ಮ ಕೈ ನೋಡತಿದ್ದೆ,
ಎಂಟಾಣೆಗೆ ದಾರ ಕಟ್ಟಿ ಮತ್ತ ಮ್ಯಾಲೆ ಜಗ್ಗತೀರೇನಂತ."

ಎಂಟನೇ ಊರು ಫೈಲಿನ ತಳದಾಗ ಇತ್ತು.
ರಾಕ್ಷಸ ಇಲ್ಲ, ತೋಪು ಇಲ್ಲ.
ಒಂದು ಬಾಗಿಲು, ಬಾಗಿಲ ಮುಂದ ಒಂದು ಜೋಡಿ ಚಪ್ಪಲಿ.
ಯಾವ ದೇಶದ ಯಾರ ಮಗ ರಾತ್ರಿ ಕೂತು ಚೌಕ ತುಂಬಿದನೋ,
ಎಡಗಾಲಿನ ಉಂಗುಟ ಹರದದ್ದು ಸಹಿತ ಬಿಟ್ಟಿಲ್ಲ.
ಅಥವಾ ಉಂಗುಟ ನೆಟ್ಟಗ ಇತ್ತೋ,
ಆ ಒಂದು ಚುಕ್ಕಿ ನಾಕನೇ ಚಿಪ್ಪಿನ ಪಾಲಿಂದಿತ್ತೋ.

"ಕಿಟಕಿ ತೆಗಿಯೋ, ಬೆಳಕಿಲ್ಲದ ನನ್ನ ರಟ್ಟು ಓದೂದು ಹೆಂಗ?"
"ತಡಿ, ಬೆಳಕು ಬಿದ್ದರ ಇವು ಮರೀತಾವ."
ಮೂರಕ್ಕೂ ಹೊಸಾ ಪಟ್ಟಿ ಹಚ್ಚಿ, ಚಾದರ ಸರಿಸಿದೆ.
ಚಿಗವ್ವ ಒಂದು ರಟ್ಟು ಬಿಸಿಲಿಗೆ ಹಿಡದಳು.
ತೂತಿನ ಬೆಳಕು ಅಕಿ ಮಾರಿಮ್ಯಾಲೆ ಬಿತ್ತು.
"ನವಿಲು," ಅಂದಳು. "ಕಾಲಿನ ಒಂದು ಸಾಲು."
ಉಳಿದ ನವಿಲು?
"ಹಿಂದಿನ ವಾರದ ತೂಕದಾಗ ಹೋಗೇದ."